ಫೋಟೊ ಸಿಗುವಾಗ ಕೈಯಲ್ಲಿ ಯಾಕೆ ಬಿಡಿಸಬೇಕು?

ಪೆನ್ಸಿಲ್‌ತುದಿ:
ಎಲ್ಲರಿಗೂ ನಮಸ್ಕಾರ. ನಾನು ಜೀವಶಾಸ್ತ್ರದ ಪ್ರಾಕ್ಟಿಕಲ್ ತರಗತಿ ತೆಗೆದುಕೊಳ್ಳುತ್ತೇನೆ. ಹೋದ ವಾರ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ತಲೆಯಿಂದ ಹೋಗುತ್ತಲೇ ಇಲ್ಲ.

ಅವತ್ತು ಈರುಳ್ಳಿ ಪೊರೆಯ ಸ್ಲೈಡ್. ಮೈಕ್ರೋಸ್ಕೋಪಿನಲ್ಲಿ ನೋಡಿ ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬಿಡಿಸಬೇಕು. ಈ ಹುಡುಗಿ ಮೊಬೈಲನ್ನು ಐಪೀಸಿಗೆ ಹಿಡಿದು ಫೋಟೊ ತೆಗೆದಳು. ಚೆನ್ನಾಗಿಯೇ ಬಂದಿತ್ತು. "ಮೇಡಂ, ನಾನು ಬಿಡಿಸೋದಕ್ಕಿಂತ ಇದರಲ್ಲೇ ಜಾಸ್ತಿ ಕಾಣುತ್ತೆ ಅಲ್ವಾ? ಮತ್ತೆ ಯಾಕೆ ಬಿಡಿಸ್ಬೇಕು?" ಅಂದಳು. ನಾನು "ಪರೀಕ್ಷೆಗೆ ಬೇಕಲ್ಲಮ್ಮ" ಎಂದುಬಿಟ್ಟೆ. ಅದು ಉತ್ತರವೇ ಅಲ್ಲ ಎಂದು ಹೇಳುವಾಗಲೇ ಗೊತ್ತಿತ್ತು.

ಆಮೇಲೆ ಎಲ್ಲರ ರೆಕಾರ್ಡ್ ನೋಡುತ್ತಾ ಕೂತೆ. ಮುಕ್ಕಾಲು ಜನ ಬಿಡಿಸಿದ್ದು ಇಟ್ಟಿಗೆ ಗೋಡೆ. ಅಚ್ಚುಕಟ್ಟಾದ ಆಯತಗಳು, ಪ್ರತಿಯೊಂದರ ನಟ್ಟನಡುವೆ ಒಂದು ಚುಕ್ಕೆ. ಸ್ಲೈಡಿನಲ್ಲಿ ಹಾಗಿರುವುದಿಲ್ಲ. ಜೀವಕೋಶದ ಒಳಗೆ ಬಹುಪಾಲು ಜಾಗವನ್ನು ರಸದಾನಿ, ಅಂದರೆ ರಸ ತುಂಬಿದ ಚೀಲ, ತುಂಬಿಕೊಂಡಿರುತ್ತದೆ. ಕೋಶಕೇಂದ್ರ ಸಾಮಾನ್ಯವಾಗಿ ಗೋಡೆಗೆ ಒತ್ತಿಕೊಂಡು ಒಂದು ಬದಿಗೆ ಇರುತ್ತದೆ. ಮಕ್ಕಳು ಐಪೀಸಿಗೆ ಕಣ್ಣಿಟ್ಟಿದ್ದರು, ಬಿಡಿಸಿದ್ದು ಮಾತ್ರ ಪಠ್ಯಪುಸ್ತಕವನ್ನು. ಒಬ್ಬ ಹುಡುಗ ದಪ್ಪ ಕಪ್ಪು ಅಂಚಿನ ದೊಡ್ಡ ದುಂಡನೆಯ ಆಕಾರ ಬಿಡಿಸಿ "ದೊಡ್ಡ ಕೋಶ" ಎಂದು ಬರೆದಿದ್ದ. ಅದು ಗಾಳಿಗುಳ್ಳೆ. ಹೆಸರು ತಪ್ಪು. ಆದರೆ ಸ್ಲೈಡಿನಲ್ಲಿ ನಿಜವಾಗಿ ಇದ್ದುದನ್ನು ಬಿಡಿಸಿದ ಕೆಲವೇ ಮಕ್ಕಳಲ್ಲಿ ಅವನೂ ಒಬ್ಬ.

ನನ್ನ ಪ್ರಶ್ನೆ ಇಷ್ಟು. ವಿಜ್ಞಾನಕ್ಕೆ ಕಲೆ ಎಂದರೆ ಮೇಲಿನ ಅಲಂಕಾರ ಮಾತ್ರವಾ? ಇಲ್ಲಾ ಕಂಡುಹಿಡಿಯುವ ಕೆಲಸದ ಒಳಗೇ ಅದು ಇದೆಯಾ? ಚಿತ್ರ, ಬಣ್ಣ, ಸಂಗೀತ, ಯಾವುದರ ಬಗ್ಗೆ ಬೇಕಾದರೂ ಹೇಳಿ. ಆ ಹುಡುಗಿಗೆ ಒಂದು ಸರಿಯಾದ ಉತ್ತರ ಕೊಡಬೇಕು.

ಹುಣ್ಣಿಮೆ_ರಾತ್ರಿ:
ಮೇಡಂ, ಅವಳಿಗೆ ಚಂದ್ರನ ಕಥೆ ಹೇಳಿ.

1609ರ ಜುಲೈನಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದುರ್ಬೀನಿನಲ್ಲಿ ಚಂದ್ರನನ್ನು ನೋಡಿ ಒಂದು ಚಿತ್ರ ಬಿಡಿಸಿದ. ಬೆಳಕು ಕತ್ತಲೆ ಸೇರುವ ಗೆರೆ ಅಂಕುಡೊಂಕಾಗಿದೆ, ಅಲ್ಲಲ್ಲಿ ಒಂದಿಷ್ಟು ಕಪ್ಪು ಗೀಚು. ಅಷ್ಟೇ. ಬೆಟ್ಟ ಇಲ್ಲ, ಗುಂಡಿ ಇಲ್ಲ. ಅದೇ ವರ್ಷದ ಕೊನೆಯಲ್ಲಿ ಗೆಲಿಲಿಯೊ ನೋಡಿದ. ಕಂದು ಶಾಯಿಯನ್ನು ನೀರಲ್ಲಿ ತೆಳುವಾಗಿಸಿ, ಕುಂಚದಲ್ಲಿ ಪದರ ಪದರವಾಗಿ ಹಚ್ಚಿ ಬಿಡಿಸಿದ. ಆ ಚಿತ್ರಗಳನ್ನು ನೋಡಿದರೆ ಚಂದ್ರನ ಮೈ ತರಿತರಿಯಾಗಿದೆ ಎಂದು ಯಾರಿಗಾದರೂ ತಿಳಿಯುತ್ತದೆ.

ಗೆಲಿಲಿಯೊಗೆ ಚಿತ್ರಕಲೆ ಬರುತ್ತಿತ್ತು. 1613ರಲ್ಲಿ ಫ್ಲಾರೆನ್ಸಿನ ಚಿತ್ರಕಲಾ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಆ ಕಾಲದ ಇಟಲಿಯ ಚಿತ್ರಕಾರರು ನೆರಳನ್ನು ಗಣಿತದಂತೆ ಕಲಿಯುತ್ತಿದ್ದರು. ಉಬ್ಬಿದ ಕಡೆ ಬೆಳಕು ಹೇಗೆ ಬೀಳುತ್ತದೆ, ತಗ್ಗಿನಲ್ಲಿ ನೆರಳು ಯಾವ ಬದಿಗೆ ನಿಲ್ಲುತ್ತದೆ ಎನ್ನುವುದು ಅವರ ಕೈಗೆ ಬಂದಿತ್ತು. ಹಾಗಾಗಿ ಕತ್ತಲೆ ಭಾಗದ ಒಳಗೆ ಒಂಟಿಯಾಗಿ ಹೊಳೆಯುವ ಚುಕ್ಕೆ ಕಂಡಾಗ ಗೆಲಿಲಿಯೊಗೆ ಅದು ಬರೀ ಚುಕ್ಕೆಯಾಗಿ ಕಾಣಲಿಲ್ಲ. ಬೆಳಗಿನ ಜಾವ ಕಣಿವೆ ಇನ್ನೂ ಕತ್ತಲಲ್ಲಿರುವಾಗ ಬೆಟ್ಟದ ತುದಿಗೆ ಮೊದಲು ಬಿಸಿಲು ಬೀಳುತ್ತದಲ್ಲ, ಹಾಗೆ ಕಂಡಿತು.

ಇಲ್ಲಿಗೆ ನಿಲ್ಲಿಸಿದ್ದರೆ ಅದು ಕಲೆ ಮಾತ್ರ ಆಗುತ್ತಿತ್ತು. ಆ ಚುಕ್ಕೆ ಬೆಳಕಿನ ಗೆರೆಯಿಂದ ಎಷ್ಟು ದೂರ ಎಂದು ಅವನು ಅಳೆದ. ಕೆಲವು ಚುಕ್ಕೆಗಳು ಚಂದ್ರನ ಅಡ್ಡಳತೆಯ 20ರಲ್ಲಿ 1 ಪಾಲಿನಷ್ಟು ದೂರ ಇದ್ದವು. ಪೈಥಾಗೊರಸನ ಲೆಕ್ಕ ಹಾಕಿದರೆ ಬೆಟ್ಟದ ಎತ್ತರ ಆ ಕಾಲದ ಇಟಲಿಯ ಅಳತೆಯಲ್ಲಿ 4 ಮೈಲಿಗಿಂತ ಜಾಸ್ತಿ. ನೆರಳು ಓದುವ ಕಣ್ಣಿಲ್ಲದೆ ಆ ಲೆಕ್ಕ ಶುರುವಾಗುವುದೇ ಇಲ್ಲ. ಈ ಕಥೆ ನನಗೆ ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ.

ಅಳತೆಪಟ್ಟಿ:
ಕಥೆ ಚೆನ್ನಾಗಿದೆ ಸರ್. ಆದರೆ ಒಂದು ವಿಷಯ ಬಿಟ್ಟಿದ್ದೀರಿ. ಹ್ಯಾರಿಯಟ್‌ನ ದುರ್ಬೀನು 6 ಪಟ್ಟು ದೊಡ್ಡದಾಗಿ ತೋರಿಸುತ್ತಿತ್ತು. ಗೆಲಿಲಿಯೊದು ಸುಮಾರು 20 ಪಟ್ಟು. ಎಲ್ಲವನ್ನೂ ಚಿತ್ರಕಲೆಯ ಲೆಕ್ಕಕ್ಕೆ ಬರೆಯಬೇಡಿ.

ಇನ್ನೊಂದು ಮಾತು. ಚೆನ್ನಾಗಿ ಬಿಡಿಸುವ ಕೈ ವಿಜ್ಞಾನಕ್ಕೆ ಕೆಟ್ಟದ್ದನ್ನೂ ಮಾಡಿದೆ. ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಅದ್ಭುತ ಚಿತ್ರಕಾರ. ಕಡಲ ಜೀವಿಗಳನ್ನು ಅವನು ಬಿಡಿಸಿದ ಹಾಳೆಗಳನ್ನು ಇಂದಿಗೂ ಜನ ಗೋಡೆಗೆ ಹಾಕಿಕೊಳ್ಳುತ್ತಾರೆ. ಆದರೆ 1868ರ ಪುಸ್ತಕದಲ್ಲಿ ನಾಯಿ, ಕೋಳಿ, ಆಮೆ ಮೂರರ ಭ್ರೂಣಗಳು ಎಂದು ಒಂದೇ ಅಚ್ಚನ್ನು ಮೂರು ಸಲ ಒತ್ತಿಸಿದ. ಆಗಲೇ ಗೊತ್ತಾಗಿ ಗಲಾಟೆಯಾಯಿತು, ಮುಂದಿನ ಮುದ್ರಣದಲ್ಲಿ ತಿದ್ದಿದ. ಆದರೂ ಆಮೇಲೆ ಅವನು ಬಿಡಿಸಿದ ಭ್ರೂಣಗಳ ಸಾಲು ನೂರು ವರ್ಷಕ್ಕಿಂತ ಜಾಸ್ತಿ ಪಠ್ಯಪುಸ್ತಕಗಳಲ್ಲಿ ಉಳಿಯಿತು. 1997ರಲ್ಲಿ ಭ್ರೂಣಗಳ ನಿಜವಾದ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಾಗಲೇ ಎಷ್ಟು ವ್ಯತ್ಯಾಸ ಇದೆ ಎಂದು ಬಹಳ ಜನರಿಗೆ ತಿಳಿದದ್ದು. ಮೇಡಂ ಅವರ ಹುಡುಗಿ ಫೋಟೊ ಕೇಳಿದ್ದರಲ್ಲಿ ನ್ಯಾಯ ಇದೆ.

ಹುಣ್ಣಿಮೆ_ರಾತ್ರಿ:
6 ಮತ್ತು 20ರ ಮಾತು ಒಪ್ಪಿದೆ. ನಾನೇ ಹೇಳಬೇಕಿತ್ತು. ಆದರೆ 1610ರ ಜುಲೈನಲ್ಲಿ ಹ್ಯಾರಿಯಟ್ ಬಿಡಿಸಿದ ಇನ್ನೊಂದು ಚಿತ್ರ ಇದೆ. ಅಷ್ಟರಲ್ಲಿ ಗೆಲಿಲಿಯೊನ ಪುಸ್ತಕ ಬಂದಾಗಿತ್ತು. ಈ ಸಲ ಹ್ಯಾರಿಯಟ್‌ನ ಚಂದ್ರನಲ್ಲೂ ಗುಂಡಿಗಳಿವೆ! ಅವನ ದುರ್ಬೀನೂ ಸುಧಾರಿಸಿತ್ತು, ನಿಜ. ಆದರೂ ಹೇಗೆ ನೋಡಬೇಕು ಎಂದು ಒಬ್ಬರು ತೋರಿಸಿಕೊಟ್ಟ ಮೇಲೆ ಕಣ್ಣು ಬೇರೆಯೇ ಆಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ನರತಂತು:
ಹೆಕೆಲ್ ಹೆಸರು ಬಂದ ಮೇಲೆ ಕಹಾಲ್ ಹೆಸರು ಬರಲೇಬೇಕು. ನಾನು ನರಕೋಶಗಳ ಮೇಲೆ ಕೆಲಸ ಮಾಡುವವಳು. ಈ ಮನುಷ್ಯನ ಚಿತ್ರಗಳನ್ನು ಮೊದಲ ಸಲ ನೋಡಿದ ದಿನ ಇನ್ನೂ ನೆನಪಿದೆ.

ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಅವರಿಗೆ ಚಿಕ್ಕಂದಿನಲ್ಲಿ ಚಿತ್ರಕಾರ ಆಗುವ ಆಸೆ. ವೈದ್ಯರಾಗಿದ್ದ ಅಪ್ಪನಿಗೆ ಅದು ಇಷ್ಟವಿರಲಿಲ್ಲ. ಮೂಳೆಗಳನ್ನು ಬಿಡಿಸಲು ಹಚ್ಚಿ, ಹಾಗೇ ಮಗನನ್ನು ವೈದ್ಯಕೀಯದ ಕಡೆಗೆ ಎಳೆದರು.

ಆಗ ಮೆದುಳನ್ನು ನೋಡುವುದೇ ದೊಡ್ಡ ಕಷ್ಟ. ಸಾಮಾನ್ಯ ಬಣ್ಣ ಹಾಕಿದರೆ ಎಲ್ಲ ಕೋಶಗಳೂ ಬಣ್ಣ ಹಿಡಿದು ಕಾಡಿನ ಹಾಗೆ ಒಂದರೊಳಗೊಂದು ಸೇರಿಹೋಗುತ್ತವೆ. 1873ರಲ್ಲಿ ಇಟಲಿಯ ಗಾಲ್ಜಿ ಬೆಳ್ಳಿಯ ಲವಣ ಬಳಸಿ ಒಂದು ವಿಧಾನ ಕಂಡುಹಿಡಿದರು. ಅದರಲ್ಲಿ ಬೆರಳೆಣಿಕೆಯ ಕೋಶಗಳು ಮಾತ್ರ ಬಣ್ಣ ಹಿಡಿಯುತ್ತವೆ. ಹಿಡಿದವು ಬುಡದಿಂದ ತುದಿಯವರೆಗೆ ಕಪ್ಪಾಗುತ್ತವೆ. ಹಳದಿ ಹಿನ್ನೆಲೆಯಲ್ಲಿ ಎಲೆ ಉದುರಿದ ಒಂಟಿ ಮರ ನಿಂತ ಹಾಗೆ. ಆದರೆ ಒಂದು ತೆಳುವಾದ ಸ್ಲೈಡಿನಲ್ಲಿ ಇಡೀ ಮರ ಸಿಗುವುದಿಲ್ಲ. ಒಂದರಲ್ಲಿ ಕಾಂಡ, ಇನ್ನೊಂದರಲ್ಲಿ ಕೊಂಬೆ. ಫೋಕಸ್ ಸ್ವಲ್ಪ ತಿರುಗಿಸಿದರೆ ಕಂಡ ಕೊಂಬೆ ಮಾಯ, ಕೆಳಗಿನದು ಪ್ರತ್ಯಕ್ಷ. ಕಹಾಲ್ ಹೀಗೆ ಹತ್ತಾರು ಸ್ಲೈಡುಗಳಲ್ಲಿ ಕಂಡದ್ದನ್ನು ತಲೆಯಲ್ಲಿ ಜೋಡಿಸಿ ಒಂದು ಹಾಳೆಗೆ ಇಳಿಸುತ್ತಿದ್ದರು. ಸಂಕೇತ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಎಂದು ಸಣ್ಣ ಬಾಣಗಳನ್ನೂ ಹಾಕುತ್ತಿದ್ದರು.

ಅದೇ ವಿಧಾನದಲ್ಲಿ ಗಾಲ್ಜಿಗೆ ಕಂಡದ್ದು ಒಂದಕ್ಕೊಂದು ಬೆಸೆದುಕೊಂಡ ಬಲೆ. ಕಹಾಲ್ ಅವರಿಗೆ ಕಂಡದ್ದು ಹತ್ತಿರ ಹತ್ತಿರ ನಿಂತ, ಆದರೆ ಅಂಟಿಕೊಳ್ಳದ ಬಿಡಿ ಬಿಡಿ ಕೋಶಗಳು. 1906ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಂತು. ಗಾಲ್ಜಿ ತಮ್ಮ ನೊಬೆಲ್ ಭಾಷಣದಲ್ಲೂ ಕಹಾಲ್ ವಾದವನ್ನು ಒಪ್ಪಲಿಲ್ಲ. ಎರಡು ನರಕೋಶಗಳ ನಡುವಿನ ಸಂದು ಮಿಲಿಮೀಟರಿನ ಲಕ್ಷ ಭಾಗಗಳಲ್ಲಿ ಎರಡರಷ್ಟು ಮಾತ್ರ. ಅದು ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದ ಮೇಲೆ. ಕಹಾಲ್ ಅದನ್ನು ನೋಡಲು ಬದುಕಿರಲಿಲ್ಲ.

ಅಳತೆಪಟ್ಟಿ:
ಮೇಡಂ, ಕಹಾಲ್ ಜೋಡಿಸಿ ಬಿಡಿಸಿದರೆ ಸರಿ, ಹೆಕೆಲ್ ಹೊಂದಿಸಿ ಬಿಡಿಸಿದರೆ ತಪ್ಪು. ಇದು ಹೇಗೆ? ಕೊಂಕು ತೆಗೆಯುತ್ತಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳುತ್ತಿದ್ದೇನೆ.

ನರತಂತು:
ಒಳ್ಳೆಯ ಪ್ರಶ್ನೆ ಸರ್. ಕಹಾಲ್ ಬಿಡಿಸಿದ ಪ್ರತಿ ಕೊಂಬೆಯೂ ಯಾವುದೋ ಒಂದು ಸ್ಲೈಡಿನಲ್ಲಿ ಇತ್ತು. ಆ ಸ್ಲೈಡುಗಳನ್ನು ಇಂದಿಗೂ ಮ್ಯಾಡ್ರಿಡ್‌ನಲ್ಲಿ ಕಾಪಾಡಿ ಇಟ್ಟಿದ್ದಾರೆ. ಬೇರೆಯವರು ಅದೇ ವಿಧಾನ ಮಾಡಿ ನೋಡಿದರೆ ಅದೇ ಸಿಗುತ್ತದೆ. ಹೆಕೆಲ್ ಒತ್ತಿಸಿದ ಆಮೆಯ ಭ್ರೂಣ ಯಾವ ಆಮೆಯದ್ದೂ ಆಗಿರಲಿಲ್ಲ. ಕಂಡದ್ದರಲ್ಲಿ ಆರಿಸಿಕೊಳ್ಳುವುದು ಬೇರೆ, ಕಾಣದ್ದನ್ನು ಸೇರಿಸುವುದು ಬೇರೆ. ನಡುವಿನ ಗೆರೆ ಕೆಲವು ಸಲ ತೆಳುವಾಗಿರುತ್ತದೆ. ಅದಕ್ಕೇ ಬಿಡಿಸುವಾಗ ನಾನು ಪಕ್ಕದಲ್ಲಿ ಬರೆದಿಡುತ್ತೇನೆ: ಈ ಭಾಗ ಈ ಸ್ಲೈಡಿನಿಂದ, ಆ ಭಾಗ ಆ ಸ್ಲೈಡಿನಿಂದ ಎಂದು.

ಕಿಟಕಿಪಕ್ಕ:
ಹಾಗಾದರೆ ಬಾಹ್ಯಾಕಾಶದ ಚಿತ್ರಗಳು? ವೆಬ್ ದೂರದರ್ಶಕದ ಬಣ್ಣಗಳು "ಹಾಕಿದ" ಬಣ್ಣ ಎಂದು ತಿಳಿದ ದಿನ ನನಗೆ ತುಂಬಾ ಬೇಜಾರಾಗಿತ್ತು. ಇಷ್ಟು ದಿನ ಸುಮ್ನೆ ಮೋಸ ಹೋದೆ ಅನ್ನಿಸಿತ್ತು.

ಹುಣ್ಣಿಮೆ_ರಾತ್ರಿ:
ಬೇಜಾರು ಮಾಡಿಕೊಳ್ಳಬೇಡಿ. ನಾನು ಮನೆಯ ಮೇಲಿನಿಂದ ಸಣ್ಣ ದೂರದರ್ಶಕದಲ್ಲಿ ನೆಬ್ಯುಲಾಗಳ, ಅಂದರೆ ನಕ್ಷತ್ರಗಳ ನಡುವಿನ ಅನಿಲ ಮತ್ತು ದೂಳಿನ ಮೋಡಗಳ, ಫೋಟೊ ತೆಗೆಯುತ್ತೇನೆ. ಅಲ್ಲಿ ಏನಾಗುತ್ತದೆ ಎಂದು ಹೇಳುತ್ತೇನೆ.

ಒಂದೊಂದು ಫ್ರೇಮಿಗೆ ಐದೈದು ನಿಮಿಷ ಬೆಳಕು ಹಿಡಿಯುತ್ತೇನೆ. ಅಂಥ ಹತ್ತಾರು ಫ್ರೇಮುಗಳನ್ನು ಒಂದರ ಮೇಲೊಂದು ಕೂಡಿಸುತ್ತೇನೆ. ಕೊನೆಗೆ ಫೈಲ್ ತೆರೆದರೆ ಕಾಣುವುದು ಕಪ್ಪು ಪರದೆ! ಮೊದಲ ಸಲ ಇಡೀ ರಾತ್ರಿ ಹಾಳಾಯಿತು ಎಂದುಕೊಂಡು ಫೈಲುಗಳನ್ನೇ ಅಳಿಸಿಬಿಟ್ಟಿದ್ದೆ. ನಿಜವೆಂದರೆ ನೆಬ್ಯುಲಾ ಅದರೊಳಗೇ ಇತ್ತು. ನಕ್ಷತ್ರಗಳ ಬೆಳಕು ಎಷ್ಟೋ ಪಟ್ಟು ಜಾಸ್ತಿ, ಮೋಡದ ಬೆಳಕು ತೀರಾ ಕಡಿಮೆ. ಮಂದ ಭಾಗವನ್ನು ಮಾತ್ರ ಹಿಗ್ಗಿಸಿದರೆ ಅದು ಮೆಲ್ಲಗೆ ಮೇಲೆ ಬರುತ್ತದೆ. ಎಷ್ಟು ಹಿಗ್ಗಿಸಬೇಕು ಎನ್ನುವುದು ನನ್ನ ಆಯ್ಕೆ. ಜಾಸ್ತಿಯಾದರೆ ಕ್ಯಾಮೆರಾದ ಗದ್ದಲ, ಅಂದರೆ ಚಿತ್ರದಲ್ಲಿ ತಾನಾಗಿ ಬರುವ ಕಾಳುಕಾಳು ಚುಕ್ಕೆಗಳೂ, ಮೋಡದ ಹಾಗೆ ಕಾಣುತ್ತವೆ.

ಬಣ್ಣಕ್ಕೆ ಬರೋಣ. ವೆಬ್ ಮುಖ್ಯವಾಗಿ ನೋಡುವುದು ಅವಕೆಂಪು ಬೆಳಕನ್ನು. ಅದು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. "ನಿಜವಾದ ಬಣ್ಣ" ಎಂದು ಹೇಳಲು ಅಲ್ಲಿ ಏನೂ ಇಲ್ಲ. ಹಾಗಾಗಿ ಉದ್ದ ತರಂಗಕ್ಕೆ ಕೆಂಪು, ಗಿಡ್ಡ ತರಂಗಕ್ಕೆ ನೀಲಿ, ನಡುವಿನದಕ್ಕೆ ನಡುವಿನ ಬಣ್ಣ ಎಂದು ಕ್ರಮವಾಗಿ ಕೊಡುತ್ತಾರೆ. ಹಾಡನ್ನು ಬೇರೆ ಶ್ರುತಿಗೆ ಇಳಿಸಿ ಹಾಡಿದ ಹಾಗೆ. ಸ್ವರಗಳ ಅಂತರ ಅದೇ ಇರುತ್ತದೆ.

1995ರಲ್ಲಿ ಹಬಲ್ ದೂರದರ್ಶಕ ತೆಗೆದ "ಸೃಷ್ಟಿಯ ಕಂಬಗಳು" ಚಿತ್ರದ ವಿಷಯ ಇನ್ನೂ ಸೊಗಸಾಗಿದೆ. ಜಲಜನಕ 656 ನ್ಯಾನೋಮೀಟರಿನಲ್ಲಿ ಹೊಳೆಯುತ್ತದೆ, ಗಂಧಕ 672ರ ಹತ್ತಿರ. ಎರಡೂ ಕಣ್ಣಿಗೆ ಕೆಂಪೇ. ಇದ್ದಂತೆ ತೋರಿಸಿದರೆ ಎರಡೂ ಕಲಸಿಹೋಗುತ್ತವೆ. ಅದಕ್ಕೆ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟರು. ಯಾವ ಅನಿಲ ಎಲ್ಲಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಯಾವ ಬಣ್ಣ ಯಾವುದಕ್ಕೆ ಎಂದು ಚಿತ್ರದ ಜೊತೆ ಬರೆಯದೆ ಹಂಚುವುದು ಮಾತ್ರ ತಪ್ಪು.

ನರತಂತು:
ಕೊರೋನಾ ವೈರಸ್ಸಿನ ಆ ಬೂದು ಚೆಂಡು, ಕೆಂಪು ಮುಳ್ಳುಗಳ ಚಿತ್ರ ನೆನಪಿದೆಯಾ? 2020ರ ಆರಂಭದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಚಿತ್ರಕಾರರಾದ ಅಲಿಸ್ಸಾ ಎಕರ್ಟ್ ಮತ್ತು ಡ್ಯಾನ್ ಹಿಗಿನ್ಸ್ ಮಾಡಿದ್ದು. ವೈರಸ್ಸಿನ ಅಗಲ ಸುಮಾರು 100 ನ್ಯಾನೋಮೀಟರ್. ಕಣ್ಣಿಗೆ ಕಾಣುವ ಬೆಳಕಿನ ತರಂಗ 400ರಿಂದ ಶುರು. ಅಂದರೆ ಅದನ್ನು ಬಣ್ಣದಲ್ಲಿ ನೋಡಿದವರು ಯಾರೂ ಇಲ್ಲ, ನೋಡಲು ಆಗುವುದೂ ಇಲ್ಲ. ಆದರೆ ಮುಳ್ಳುಗಳ ಆಕಾರ ಸುಮ್ನೆ ಊಹಿಸಿದ್ದಲ್ಲ, ಪ್ರೋಟೀನುಗಳ ರಚನೆಯ ಮಾಹಿತಿಯಿಂದ ತೆಗೆದುಕೊಂಡದ್ದು. ಆಕಾರ ವಿಜ್ಞಾನದ್ದು, ಕೆಂಪು ಕಲೆಯದ್ದು. ಎಚ್ಚರದಿಂದ ಇರಿ ಎಂದು ಹೇಳುವ ಕೆಲಸ ಆ ಕೆಂಪಿನದ್ದಾಗಿತ್ತು.

ನಕ್ಷೆಗಾರ:
ಬಣ್ಣದ ಬಗ್ಗೆ ನನ್ನದೂ ಒಂದು. ನಾನು ತಾಪಮಾನದ ನಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಬಹಳ ವರ್ಷ ಕಾಮನಬಿಲ್ಲಿನ ಬಣ್ಣಗಳನ್ನೇ ಬಳಸುತ್ತಿದ್ದೆವು. ಒಂದು ವರದಿಯಲ್ಲಿ "ಇಲ್ಲಿ ತಾಪಮಾನ ದಿಢೀರನೆ ಏರಿದೆ" ಎಂದು ನಾನೇ ಬರೆದೆ. ಸಂಖ್ಯೆ ತೆಗೆದು ನೋಡಿದರೆ ಏರಿಕೆ ನಿಧಾನವಾಗಿಯೇ ಇತ್ತು. ದಿಢೀರನೆ ಬದಲಾದದ್ದು ಬಣ್ಣ. ಹಸಿರಿನಿಂದ ಹಳದಿಗೆ ಹೋಗುವ ಕಡೆ ಹೊಳಪು ಹಾರುತ್ತದೆ, ಕಣ್ಣು ಅದನ್ನೇ ಅಂಚು ಎಂದು ಓದುತ್ತದೆ. ವರದಿ ಹೋಗಿಯೂ ಆಗಿತ್ತು. ಮತ್ತೆ ತಿದ್ದಿ ಕಳಿಸಬೇಕಾಯಿತು.

ಚಿತ್ರಕಾರರಿಗೆ ಇದು ಹಳೆಯ ವಿಷಯ. ಬಣ್ಣ ಬೇರೆ, ಅದರ ಹೊಳಪು ಬೇರೆ ಎಂದು ಅವರು ಮೊದಲು ಕಲಿಯುವುದೇ ಅದನ್ನು. 2011ರಲ್ಲಿ ಹಾರ್ವರ್ಡ್ ಸಂಶೋಧಕರು ಹೃದಯದ ರಕ್ತನಾಳಗಳ ಚಿತ್ರಗಳನ್ನು ವೈದ್ಯರಿಗೆ ಕೊಟ್ಟು ನೋಡಿದರು. ಕಾಮನಬಿಲ್ಲಿನ ಬಣ್ಣ ಬಿಟ್ಟು ಬೇರೆ ಬಣ್ಣ ಕೊಟ್ಟಾಗ ತೊಂದರೆಯ ಜಾಗಗಳನ್ನು ಅವರು ಜಾಸ್ತಿ ಸರಿಯಾಗಿ ಗುರುತಿಸಿದರು. 2015ರಲ್ಲಿ ವಿರಿಡಿಸ್ ಎಂಬ ಬಣ್ಣದ ಪಟ್ಟಿ ಬಂತು. ಕಡು ನೇರಳೆಯಿಂದ ಹಸಿರಿನ ಮೂಲಕ ಹಳದಿಗೆ ಹೋಗುತ್ತದೆ, ಹೊಳಪು ಒಂದೇ ಸಮನೆ ಏರುತ್ತದೆ. ಕೆಂಪು, ಹಸಿರು ಬೇರೆ ಮಾಡಲಾಗದ ಕಣ್ಣಿಗೂ ಓದಲು ಬರುತ್ತದೆ. ಈಗ ನಾನು ಬೇರೆ ಯಾವುದನ್ನೂ ಮುಟ್ಟುವುದಿಲ್ಲ.

ನಾದಬಿಂದು:
ಎಲ್ಲರೂ ಕಣ್ಣಿನ ಬಗ್ಗೆಯೇ ಹೇಳುತ್ತಿದ್ದೀರಿ. ಕಿವಿಗೂ ಸ್ವಲ್ಪ ಜಾಗ ಕೊಡಿ. ನಾನು ಮೃದಂಗ ನುಡಿಸುತ್ತೇನೆ.

ತೊಗಲು ಎಳೆದು ಕಟ್ಟಿದ ಬರೀ ಡೋಲನ್ನು ಬಡಿದರೆ "ಧಬ್" ಎನ್ನುತ್ತದೆ, ಸ್ವರ ಇರುವುದಿಲ್ಲ. ಕಾರಣ ಲೆಕ್ಕದಲ್ಲಿದೆ. ತಂತಿ ಮಿಡಿದರೆ ಅದರೊಳಗಿನ ಕಂಪನಗಳು 1, 2, 3, 4 ಪಟ್ಟು ಎಂದು ನೇರವಾಗಿ ಹೋಗುತ್ತವೆ. ಕಿವಿ ಅವನ್ನೆಲ್ಲ ಸೇರಿಸಿ ಒಂದು ಸ್ವರ ಎಂದು ಕೇಳಿಸಿಕೊಳ್ಳುತ್ತದೆ. ದುಂಡನೆಯ ತೊಗಲಿನಲ್ಲಿ ಅವು 1, 1.59, 2.14, 2.30 ಎಂದು ಎಡವುತ್ತಾ ಹೋಗುತ್ತವೆ. ಒಂದಕ್ಕೊಂದು ಕೂಡುವುದಿಲ್ಲ.

ಮೃದಂಗದ ಬಲಗಡೆ ತೊಗಲಿನ ನಡುವೆ ಕರಣೆ ಎಂಬ ದುಂಡನೆಯ ಕಪ್ಪು ಲೇಪ ಇರುತ್ತದೆ. ಪದರದ ಮೇಲೆ ಪದರ ಹಚ್ಚಿ, ಪ್ರತಿ ಸಲ ಕಲ್ಲಿನಿಂದ ಉಜ್ಜಿ, ನುಡಿಸಿ ಕೇಳಿ ಮತ್ತೆ ಹಚ್ಚುತ್ತಾರೆ. ನಡುವೆ ದಪ್ಪ, ಅಂಚಿಗೆ ತೆಳು. ಆ ತೂಕ ಸರಿಯಾದ ಕಡೆ ಕೂತಾಗ ಎಡವುತ್ತಿದ್ದ ಕಂಪನಗಳು ಸಾಲಿಗೆ ಬರುತ್ತವೆ. ಸಿ. ವಿ. ರಾಮನ್ ಅವರು ಸಹೋದ್ಯೋಗಿಯೊಬ್ಬರ ಜೊತೆ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಬರೆದರು. ಕರಣೆ ಹಾಕಿದ ತೊಗಲಿನ ಒಂಬತ್ತು ಬಗೆಯ ಕಂಪನಗಳು ಗುಂಪಾಗಿ 1, 2, 3, 4, 5 ಪಟ್ಟಿನ ಐದು ಸ್ವರಾಂಶಗಳಾಗಿ ಸೇರಿಕೊಳ್ಳುತ್ತವೆ. ಮೃದಂಗ ಮಾಡುವವರು ಇದನ್ನು ಯಾವ ಸಮೀಕರಣವೂ ಇಲ್ಲದೆ, ಕಿವಿಯಿಂದಲೇ ಕಂಡುಕೊಂಡಿದ್ದರು. ಯಾಕೆ ಹಾಗೆ ಎಂದು ರಾಮನ್ ಹೇಳಿದರು. ಎರಡನ್ನೂ ನಾನು ಸಮನಾಗಿ ಗೌರವಿಸುತ್ತೇನೆ.

ಕಂಪನವನ್ನು ಕಣ್ಣಿಗೆ ತೋರಿಸುವ ಒಂದು ಹಳೆಯ ಪ್ರಯೋಗ ಇದೆ ಮೇಡಂ, ನಿಮ್ಮ ಮಕ್ಕಳಿಗೆ ಇಷ್ಟವಾಗುತ್ತದೆ. ಲೋಹದ ತಗಡನ್ನು ನಡುವೆ ಬಿಗಿದು, ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆಯಬೇಕು. ಮರಳು ಕುಣಿದು ಕುಣಿದು ಅಲುಗದ ಗೆರೆಗಳಲ್ಲಿ ಹೋಗಿ ನಿಲ್ಲುತ್ತದೆ. ನಕ್ಷತ್ರ, ಜಾಲರಿ, ರಂಗೋಲಿಯಂಥ ಆಕಾರಗಳು ಮೂಡುತ್ತವೆ. ಜರ್ಮನಿಯ ಕ್ಲಾಡ್ನಿ 1787ರಲ್ಲಿ ಇದರ ಪುಸ್ತಕ ಮಾಡಿದ. ಆ ಆಕಾರಗಳ ಹಿಂದಿನ ಗಣಿತಕ್ಕೆ ಪ್ಯಾರಿಸ್ಸಿನ ಅಕಾಡೆಮಿ ಬಹುಮಾನ ಇಟ್ಟಿತು. ಸೋಫಿ ಜರ್ಮೈನ್ ಎಂಬ ಮಹಿಳೆ ಮೂರನೇ ಪ್ರಯತ್ನದಲ್ಲಿ, 1816ರಲ್ಲಿ ಅದನ್ನು ಗೆದ್ದರು.

ನಾನು ಮಾಡಿದಾಗ ಮರಳು ಸಿಗದೆ ತೀರಾ ನುಣುಪಾದ ಪುಡಿ ಹಾಕಿದ್ದೆ. ಎಲ್ಲ ಉಲ್ಟಾ ಆಯಿತು! ಪುಡಿ ಗೆರೆಗೆ ಹೋಗದೆ, ತಗಡು ಜಾಸ್ತಿ ನಡುಗುವ ಕಡೆಯೇ ಸಣ್ಣ ಸಣ್ಣ ಗುಡ್ಡೆಯಾಯಿತು. ಎರಡು ದಿನ ನನ್ನದೇ ತಪ್ಪು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, 1831ರಲ್ಲೇ ಫ್ಯಾರಡೆ ಇದಕ್ಕೆ ಕಾರಣ ಕೊಟ್ಟಿದ್ದಾರೆ. ನಡುಗುವ ತಗಡಿನ ಮೇಲೆ ಗಾಳಿ ಸಣ್ಣಗೆ ಸುತ್ತುತ್ತದೆ. ಹಗುರವಾದ ಪುಡಿ ಆ ಗಾಳಿಯ ಜೊತೆ ಹೋಗುತ್ತದೆ, ಮರಳು ಹೋಗುವುದಿಲ್ಲ.

ಸುರುಳಿ:
ಇದೆಲ್ಲದರ ಹಿಂದೆ ಇರುವುದು ಸುವರ್ಣ ಅನುಪಾತ 1.618 ಅಲ್ವಾ? ಶಂಖದಂಥ ನಾಟಿಲಸ್ ಚಿಪ್ಪು, ಹಳೆಯ ದೇಗುಲಗಳು, ಸುಂದರವಾದ ಮುಖ, ಎಲ್ಲದರಲ್ಲೂ ಅದೇ ಇದೆ ಎಂದು ಓದಿದ್ದೇನೆ.

ಅಳತೆಪಟ್ಟಿ:
ಇಲ್ಲ ಸುರುಳಿ ಅವರೇ. ಇದನ್ನು ಅಳೆದೇ ನೋಡಬಹುದು. ಸುವರ್ಣ ಸುರುಳಿ ಎಂದರೆ ಪ್ರತಿ ಕಾಲು ಸುತ್ತಿಗೆ 1.618 ಪಟ್ಟು ಹಿಗ್ಗುವ ಸುರುಳಿ, ಅದು ಒಂದು ಪೂರ್ತಿ ಸುತ್ತಿಗೆ 6.85 ಪಟ್ಟು ದೊಡ್ಡದಾಗಬೇಕು. ನಾಟಿಲಸ್ ಚಿಪ್ಪು ಒಂದು ಸುತ್ತಿಗೆ ದೊಡ್ಡದಾಗುವುದು ಸುಮಾರು 3 ಪಟ್ಟು. ಅದು ಸೊಗಸಾದ ಸುರುಳಿಯೇ, ಆದರೆ ಈ ಸುರುಳಿ ಅಲ್ಲ. ಕಟ್ಟಡ, ಮುಖಗಳ ಮೇಲೆ ದಪ್ಪ ಗೆರೆ ಎಳೆದು ತೋರಿಸುವ ಚಿತ್ರಗಳಲ್ಲಿ ಗೆರೆಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದು ಎಳೆಯುವವರ ಇಷ್ಟ.

ನಿಜವಾಗಿ ಬೇಕಿದ್ದರೆ ಸೂರ್ಯಕಾಂತಿಯ ನಡುಭಾಗ ನೋಡಿ. ಒಂದೊಂದು ಬೀಜದ ಮೊಳಕೆಯೂ ಹಿಂದಿನದರಿಂದ ಸುಮಾರು 137.5 ಡಿಗ್ರಿ ತಿರುಗಿ ಹುಟ್ಟುತ್ತದೆ, ಪೂರ್ತಿ ಸುತ್ತನ್ನು ಸುವರ್ಣ ಅನುಪಾತದಲ್ಲಿ ಎರಡು ಪಾಲು ಮಾಡಿದರೆ ಸಿಗುವ ಸಣ್ಣ ಪಾಲು ಅದು. ಹಾಗಾದಾಗ ಬೀಜಗಳು ಜಾಗ ಬಿಡದೆ ಕೂರುತ್ತವೆ. ಎಡಕ್ಕೆ ತಿರುಗುವ ಸಾಲುಗಳನ್ನೂ ಬಲಕ್ಕೆ ತಿರುಗುವ ಸಾಲುಗಳನ್ನೂ ಎಣಿಸಿ. ಸಾಮಾನ್ಯವಾಗಿ 34 ಮತ್ತು 55, ಇಲ್ಲಾ ಅದೇ ಫಿಬೊನಾಚಿ ಸರಣಿಯ (ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು ಬರುವ ಸರಣಿ) ಅಕ್ಕಪಕ್ಕದ ಸಂಖ್ಯೆಗಳು ಬರುತ್ತವೆ.

ನೀಲಿಹಾಳೆ:
ನನ್ನ ಕೆಲಸ ಹಳೆಯ ಚಿತ್ರಗಳನ್ನು ಕಾಪಾಡುವುದು. ಇಲ್ಲಿ ರಸಾಯನಶಾಸ್ತ್ರ ಇಲ್ಲದೆ ಒಂದು ಹೆಜ್ಜೆಯೂ ಇಡಲಾಗುವುದಿಲ್ಲ.

ವ್ಯಾನ್ ಗೋ 1888ರಲ್ಲಿ ತನ್ನ ಮಲಗುವ ಕೋಣೆಯನ್ನು ಬಿಡಿಸಿದ. ಈಗ ನೋಡಿದರೆ ಗೋಡೆ ನೀಲಿ. ಆದರೆ ಗೋಡೆ ತಿಳಿ ನೇರಳೆ ಎಂದು ಅವನೇ ಪತ್ರದಲ್ಲಿ ಬರೆದಿದ್ದಾನೆ. ನೇರಳೆಗೆ ಬೆರೆಸಿದ್ದ ಕೆಂಪು ಬಣ್ಣ ಬೆಳಕಿಗೆ ಮಾಸಿ ಹೋಗಿ ನೀಲಿ ಮಾತ್ರ ಉಳಿಯಿತು. ಅವನ ಹಳದಿಯ ಕಥೆಯೂ ಹಾಗೇ. ಅದು ಸೀಸದ ಕ್ರೋಮೇಟ್. 2011ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ದೊಡ್ಡ ಎಕ್ಸ್-ರೇ ಕೇಂದ್ರದಲ್ಲಿ ಬಣ್ಣದ ಚೂರುಗಳನ್ನು ಪರೀಕ್ಷಿಸಿದರು. ಬೆಳಕು ಬಿದ್ದಾಗ ಮೇಲ್ಪದರದ ಕ್ರೋಮಿಯಂ ಬೇರೆ ರೂಪಕ್ಕೆ ತಿರುಗಿ ಹಳದಿ ಕಂದಾಗುತ್ತದೆ ಎಂದು ತಿಳಿಯಿತು. ಚಿತ್ರಶಾಲೆಗಳಲ್ಲಿ ಬೆಳಕು ಯಾಕೆ ಇಷ್ಟು ಮಂದ ಎಂದು ಜನ ಬೇಸರ ಮಾಡಿಕೊಳ್ಳುತ್ತಾರೆ. ಕಾರಣ ಇದೇ.

ಪೆನ್ಸಿಲ್‌ತುದಿ ಅವರೇ, ಫೋಟೊ ಮತ್ತು ಚಿತ್ರ ಎರಡರ ನಡುವೆ ಇರುವ ಒಂದು ಪುಸ್ತಕದ ಬಗ್ಗೆ ನಿಮ್ಮ ಹುಡುಗಿಗೆ ಹೇಳಿ. ಇಂಗ್ಲೆಂಡಿನ ಆನಾ ಅಟ್ಕಿನ್ಸ್‌ಗೆ ಕಡಲ ಪಾಚಿಗಳ ಮೇಲೆ ಬಹಳ ಆಸಕ್ತಿ. ಅವು ಎಷ್ಟು ನವಿರು ಎಂದರೆ ಕೈಯಲ್ಲಿ ಬಿಡಿಸುವುದು ತುಂಬಾ ಕಷ್ಟ. 1842ರಲ್ಲಿ ಜಾನ್ ಹರ್ಷೆಲ್ ಕಬ್ಬಿಣದ ಲವಣಗಳಿಂದ ನೀಲಿ ಅಚ್ಚು ತೆಗೆಯುವ ವಿಧಾನ ಕಂಡುಹಿಡಿದರು. ಮರುವರ್ಷವೇ ಆಕೆ ಪಾಚಿಯನ್ನು ಕಾಗದದ ಮೇಲಿಟ್ಟು, ಬಿಸಿಲಿಗೆ ಹಿಡಿದು, ನೀರಲ್ಲಿ ತೊಳೆದು ಅಚ್ಚು ತೆಗೆಯಲು ಶುರು ಮಾಡಿದರು. ಫೋಟೊಗಳಿರುವ ಮೊದಲ ಪುಸ್ತಕ ಅದು ಎನ್ನುತ್ತಾರೆ. ಕಡು ನೀಲಿಯ ಮೇಲೆ ಬಿಳಿ ಎಳೆಗಳು. ನಾನೂ ಎಲೆಗಳಿಂದ ಮಾಡಿ ನೋಡಿದ್ದೇನೆ. ನೀರಿಗೆ ಹಾಕಿದಾಗ ಹಳದಿ ಕರಗಿ ನೀಲಿ ಮೇಲೇಳುವ ಆ ಕ್ಷಣಕ್ಕೆ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ. ಬೆಳಕಲ್ಲಿ ಜಾಸ್ತಿ ದಿನ ಇಟ್ಟರೆ ನೀಲಿ ಮಾಸುತ್ತದೆ. ಕತ್ತಲಲ್ಲಿ, ಗಾಳಿಯಾಡುವ ಕಡೆ ಇಟ್ಟರೆ ಬಹುಪಾಲು ವಾಪಸ್ ಬರುತ್ತದೆ.

ಆದರೆ ಆ ಅಚ್ಚಿನಲ್ಲಿ ಸಿಗುವುದು ಅಂಚು ಮಾತ್ರ. ಪಾಚಿಯ ಒಳಗೆ ಏನಿದೆ ಎಂದು ತಿಳಿಯಬೇಕಾದರೆ ಮತ್ತೆ ಪೆನ್ಸಿಲ್ ಹಿಡಿಯಬೇಕು.

ಸುರುಳಿ:
ಅಳತೆಪಟ್ಟಿ ಸರ್, ಸೂರ್ಯಕಾಂತಿಯ ದೊಡ್ಡ ಫೋಟೊ ಪ್ರಿಂಟ್ ತೆಗೆದು ಎಣಿಸಿದೆ. ಮೊದಲೆರಡು ಸಲ ಲೆಕ್ಕ ತಪ್ಪಿತು. ಮೂರನೇ ಸಲ ಪ್ರತಿ ಸಾಲಿನ ಮೇಲೂ ಪೆನ್ನಿನಲ್ಲಿ ಗೆರೆ ಎಳೆಯುತ್ತಾ ಹೋದೆ. 34, 55. ಗೆರೆ ಎಳೆಯದಿದ್ದರೆ ಸಿಗುತ್ತಲೇ ಇರಲಿಲ್ಲ. ನಾಟಿಲಸ್ ವಿಷಯದಲ್ಲಿ ನೀವು ಹೇಳಿದ್ದೇ ಸರಿ.

ಪೆನ್ಸಿಲ್‌ತುದಿ:
ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಮತ್ತೆ ಅದೇ ತರಗತಿ ಇತ್ತು. ಚಂದ್ರನ ಕಥೆ ಹೇಳಿದೆ. ದುರ್ಬೀನಿನ 6 ಮತ್ತು 20ರ ಮಾತನ್ನೂ ಸೇರಿಸಿಯೇ ಹೇಳಿದೆ. ಆಮೇಲೆ ಐದು ನಿಮಿಷ ಪೆನ್ಸಿಲ್ ಮುಟ್ಟದೆ ನೋಡಿ ಎಂದೆ. ಮೊದಲ ನಿಮಿಷ ಗುಸುಗುಸು, ಆಮೇಲೆ ತಾನಾಗಿಯೇ ಸದ್ದು ನಿಂತಿತು.

ಆ ಹುಡುಗಿ ಈ ಸಲವೂ ಫೋಟೊ ತೆಗೆದಳು. ಬೇಡ ಎನ್ನಲಿಲ್ಲ. ಫೋಟೊ ಪಕ್ಕದಲ್ಲಿಟ್ಟುಕೊಂಡು, ಕಣ್ಣು ಐಪೀಸಿನಲ್ಲಿಟ್ಟು ಬಿಡಿಸು ಎಂದೆ. ಸ್ವಲ್ಪ ಹೊತ್ತಿಗೆ ಕರೆದಳು. ಪೊರೆ ಒಂದು ಕಡೆ ಮಡಚಿಕೊಂಡಿತ್ತು. ಫೋಟೊದಲ್ಲಿ ಆ ಜಾಗ ಬರೀ ಮಸುಕು. ಅವಳು ಫೋಕಸ್ ತಿರುಗಿಸುತ್ತಾ ಮೇಲಿನ ಪದರವನ್ನು ಗಟ್ಟಿ ಗೆರೆಯಲ್ಲಿ, ಕೆಳಗಿನದನ್ನು ಚುಕ್ಕೆ ಗೆರೆಯಲ್ಲಿ ಬಿಡಿಸಿದ್ದಳು. "ಮೇಡಂ, ಇಲ್ಲಿ ಎರಡು ಪದರ ಇದೆ, ಫೋಟೊಗೆ ಗೊತ್ತೇ ಆಗಿಲ್ಲ" ಅಂದಳು. ಕಹಾಲ್ ಬಗ್ಗೆ ಅವಳಿಗೆ ನಾನು ಇನ್ನೂ ಹೇಳಿರಲಿಲ್ಲ.

ಗಾಳಿಗುಳ್ಳೆಯ ಹುಡುಗನಿಗೆ ಕವರ್‌ಸ್ಲಿಪ್ಪನ್ನು ಸೂಜಿಯಿಂದ ಮೆಲ್ಲಗೆ ಒತ್ತಲು ಹೇಳಿದೆ. ಅವನ "ದೊಡ್ಡ ಕೋಶ" ಜಾರಿಕೊಂಡು ಪಕ್ಕಕ್ಕೆ ಹೋಯಿತು. ಹಳೆಯ ಹೆಸರಿನ ಮೇಲೆ ಒಂದು ಗೆರೆ ಎಳೆದು, ಕೆಳಗೆ "ಗಾಳಿ, ಒತ್ತಿದರೆ ಸರಿಯುತ್ತದೆ" ಎಂದು ತಾನೇ ಬರೆದ.

ಹುಡುಗಿಯ ಚಿತ್ರದಲ್ಲಿ ಮಡಿಕೆಯ ತುದಿಗೆ ಒಂದು ಮೂಲೆ ಖಾಲಿ ಇದೆ. ಅಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ "ಇಲ್ಲಿ ಸರಿಯಾಗಿ ಕಾಣಲಿಲ್ಲ" ಎಂದು ಬರೆದಿದ್ದಾಳೆ. ನಾಡಿದ್ದು ಹೊಸ ಪೊರೆ ತೆಗೆದು, ಅದೇ ಮಡಿಕೆ ಬರುವ ಹಾಗೆ ಮಾಡಿ, ಇಬ್ಬರೂ ಕೂತು ನೋಡೋಣ ಎಂದು ಹೇಳಿದ್ದೇನೆ.